ಸೇವೆಯಲ್ಲಿ ಹೊಗೆ ಉಸಿರಾಡಿದ ಮಾಜಿ ಸೈನಿಕರಿಗೆ ಶ್ವಾಸಕೋಶ ತಪಾಸಣೆ: ಮಂಗಳೂರಿನ ಒಂದು ಆಸ್ಪತ್ರೆಯ ಅನುಭವ

ಹಿಮಗಡಿಯ ಬಂಕರುಗಳಲ್ಲಿ ಸೀಮೆಎಣ್ಣೆ ಬುಖಾರಿಯ (ಕೋಣೆ ಬೆಚ್ಚಗಿಡುವ ಒಲೆಯ) ಹೊಗೆಯನ್ನು ಚಳಿಗಾಲವಿಡೀ ಉಸಿರಾಡಿ ನಿವೃತ್ತರಾದ ನನ್ನ ತಂದೆಯವರಿಗೆ, ಮಾಜಿ ಸೈನಿಕರಿಗಾಗಿ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಕಾರ್ಡಿನ ಮೇಲೆ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ತಪಾಸಣೆ ಮಾಡಿಸಿದೆವು. ಆ ಯೋಜನೆಯ ಪಾಲಿಕ್ಲಿನಿಕ್‌ನ ರೆಫರಲ್ ಪತ್ರವಿದ್ದುದರಿಂದ ಹಣ ಕಟ್ಟಬೇಕಾಗಲಿಲ್ಲ.

ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿದ ತಂತ್ರಜ್ಞೆಯ ತಾಳ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ಮೂಗಿಗೆ ಕ್ಲಿಪ್ ಹಾಕಿಕೊಂಡು ಒಂದೇ ಉಸಿರಿನಲ್ಲಿ ಕೊಳವೆಯೊಳಗೆ ಊದಬೇಕಾದಾಗ ತಂದೆಯವರು ಕೆಮ್ಮಿ ನಿಲ್ಲಿಸಿದಾಗಲೆಲ್ಲ, ಆಕೆ ನೀರು ಕೊಟ್ಟು, ಸುಧಾರಿಸಿಕೊಳ್ಳಲು ಬಿಟ್ಟು, ತುಳುವಿನಲ್ಲೇ ಧೈರ್ಯ ಹೇಳಿ ಮತ್ತೆ ಊದಿಸಿದರು. ಬಳಿಕ ಇನ್‌ಹೇಲರ್ ಕೊಟ್ಟು, ಶ್ವಾಸನಾಳ ಎಷ್ಟು ಹಿಗ್ಗುತ್ತದೆಂದು ನೋಡಲು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರು.

ಕೊರತೆಯಿರುವುದು ದಾಖಲೆಯಲ್ಲಿ. ಬೀಡಿ, ಸಿಗರೇಟಿನ ಬಗ್ಗೆ ವಿವರವಾಗಿ ಕೇಳುವ ಅಲ್ಲಿನ ಅರ್ಜಿಯಲ್ಲಿ ಸೇವಾವಧಿಯ ಹೊಗೆಗೆ ಒಂದು ಸಾಲೂ ಇಲ್ಲ. ಎಂದೂ ಬೀಡಿ ಮುಟ್ಟದವರಿಗೆ ಇದು ನೋವಿನ ಸಂಗತಿ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆಗೆ ಸಿಲುಕಿದ ಸೈನಿಕರಿಗಾಗಿ ಅಮೆರಿಕ 2022ರಲ್ಲಿ ಪ್ಯಾಕ್ಟ್ ಕಾಯ್ದೆಯನ್ನೇ ತಂದು, ಹಲವು ಶ್ವಾಸರೋಗ ಮತ್ತು ಕ್ಯಾನ್ಸರ್‌ಗಳನ್ನು ಸೇವೆಯಿಂದಲೇ ಬಂದವೆಂದು ಪರಿಗಣಿಸುತ್ತಿದೆ. ಈ ಆಸ್ಪತ್ರೆಗೆ ಹೋಗುವವರು, ವೈದ್ಯರು ಕೇಳದಿದ್ದರೂ, ಪೋಸ್ಟಿಂಗ್‌ನ ಸ್ಥಳ ಮತ್ತು ವರ್ಷಗಳನ್ನು ಬರೆದುಕೊಂಡು ಹೋಗಿ ಕೇಸ್ ಶೀಟಿಗೆ ಸೇರಿಸುವಂತೆ ಒತ್ತಾಯಿಸಬೇಕು.