ಮೋಟರ್ ಕೂಡಿಸಿದ ಕರಿ ಹೊಲಿಗೆ ಮಿಷನ್: ಹತ್ತು ವರ್ಷದ ಮೇಲೆ ಬಳಸಿ ಬರೆಯುತ್ತಿರುವುದು

ಮಿಷನ್ ತಗೊಳ್ಳೋಕೆ ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಡಿಸೈನ್ ಬರುತ್ತೆ?" ಅಂತ. ನನ್ನದರಲ್ಲಿ ಬರುವುದು ಒಂದೇ, ನೇರ ಹೊಲಿಗೆ. ಮುಂದಕ್ಕೆ ಹೋಗುತ್ತೆ, ಹಿಂದಕ್ಕೆ ಬರುತ್ತೆ, ಅಷ್ಟೇ. ಜಿಗ್‌ಜ್ಯಾಗ್ ಇಲ್ಲ, ಕಾಜಾ ಇಲ್ಲ, ಎಂಬ್ರಾಯ್ಡರಿ ಇಲ್ಲ. ಆದರೂ ಮನೆಯವರ ಜುಬ್ಬಾ ಪಾಯಿಜಾಮ, ಮಗಳ ಲಂಗ, ಅತ್ತೆಯ ಜಂಪರು, ದಿಂಬಿನ ಚೀಲ, ತಂಬೂರಿಯ ಗವಸು ತನಕ ಎಲ್ಲ ಇದರಲ್ಲೇ ಆಗಿದೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಅದರಿಂದ ಅಂಥ ನಷ್ಟವೂ ಇಲ್ಲ. ಈ ಕರಿ ಮಿಷನ್‌ಗಳು ಬಹುಪಾಲು ಸಿಂಗರ್‌ನ ಹಳೆಯ 15ನೇ ಕ್ಲಾಸ್ ಮಾದರಿಯ ಮೇಲೇ ತಯಾರಾದವು. ಹಾಗಾಗಿ ಕೆಳಗಿನ ದಾರ ಸುತ್ತುವ ಬಾಬಿನ್, ಅದು ಕೂರುವ ಬಾಬಿನ್ ಕೇಸ್, ಸೂಜಿ, ಬಟ್ಟೆಯನ್ನು ಒತ್ತಿಹಿಡಿಯುವ ಪಾದ, ಇವೆಲ್ಲ ಒಂದು ಕಂಪನಿಯದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುತ್ತವೆ. ಬಿಡಿಭಾಗ ಬಹಳಷ್ಟು ಲುಧಿಯಾನದಿಂದ ಬರುತ್ತೆ, ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತೆ. ಈ ಮಿಷನ್ ತಗೊಳ್ಳೋಕೆ ನನಗೆ ಇದೇ ದೊಡ್ಡ ಕಾರಣ ಅನ್ನಿಸುತ್ತೆ. ಕಂಪ್ಯೂಟರ್ ಮಿಷನ್‌ನ ಬೋರ್ಡು ಹೋದರೆ ಯಾರ ಹತ್ತಿರ ಹೋಗೋದು ಹೇಳಿ.

ನಾವಿರುವುದು ಧಾರವಾಡದಲ್ಲಿ. ಮನೆಯಲ್ಲಿ ಎಲ್ಲರಿಗೂ ಸಂಗೀತದ ಹುಚ್ಚು, ಹಾಡೋಕೆ ಬರುವುದು ಮಾತ್ರ ಒಬ್ಬರಿಗೂ ಇಲ್ಲ. (ತಂಬೂರಿ ಮಾವನವರದು, ಈಗ ಅದು ಗವಸಿನೊಳಗೇ ಇರುತ್ತೆ.) ಬಟ್ಟೆ ಹೊಲಿಯೋದು ಜಾಸ್ತಿಯಾಗಿದ್ದೂ ಈ ಸಂಗೀತದಿಂದಲೇ. ಕುಂದಗೋಳದ ನಾಡಗೀರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುತ್ತಲ್ಲ, ಅದಕ್ಕೆ ನಾವು ಮನೆಮಂದಿಯೆಲ್ಲ ಹೋಗುತ್ತೇವೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತ ಊರು ಅದು. ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರೇ. ಅಲ್ಲಿ ಕೂರೋದು ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ, ರಾತ್ರಿಯಿಂದ ಬೆಳಗಿನ ತನಕ. ರೆಡಿಮೇಡ್ ಬಟ್ಟೆಯ ಬಂಡವಾಳವೆಲ್ಲ ಅಲ್ಲಿ ಬಯಲಾಗುತ್ತೆ.

ಪಾಯಿಜಾಮದ ವಿಷಯವನ್ನೇ ತಗೊಳ್ಳಿ. ಅಂಗಡಿಯವರು ಬಟ್ಟೆ ಉಳಿಸೋಕೆ ಎರಡು ಕಾಲನ್ನು ಸೀದಾ ಜೋಡಿಸಿಬಿಡುತ್ತಾರೆ, ಕಾಲು ಮಡಚಿ ಕೂತ ತಕ್ಷಣ ಆ ಜಾಗ ಬಿಗಿಯುತ್ತೆ, ಮಾಲಕಂಸ ರಾಗ ನಡೆಯುವ ಹೊತ್ತಿಗೆ ಗಂಡಸರೆಲ್ಲ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ವಾಲುತ್ತಿರುತ್ತಾರೆ. ನಾನು ಎರಡೂ ಕಾಲು ಸೇರುವಲ್ಲಿ ಒಂದು ಚೌಕದ ತುಂಡು ಕೂಡಿಸುತ್ತೇನೆ, ಅಂಗೈಗಿಂತ ಸ್ವಲ್ಪ ದೊಡ್ಡದು. ನಾಲ್ಕು ಮೂಲೆಯಲ್ಲೂ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಪಾದ ಎತ್ತಿ, ಬಟ್ಟೆ ತಿರುಗಿಸಿ, ಮತ್ತೆ ಪಾದ ಇಳಿಸಬೇಕು. ಮೂಲೆಯಲ್ಲಿ ಒಂದು ಹೊಲಿಗೆ ಹೆಚ್ಚಾದರೂ ಅಲ್ಲೇ ನೆರಿಗೆ ಬೀಳುತ್ತೆ. ಇಂಥ ಕಡೆ ಮೋಟರ್ ಬೇಡವೇ ಬೇಡ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿದರೆ ಕೆಲಸ ಚೆಂದ ಆಗುತ್ತೆ. ಸೊಂಟಕ್ಕೆ ಲಾಡಿ, ಇಲಾಸ್ಟಿಕ್ ಅಲ್ಲ. ಇಲಾಸ್ಟಿಕ್ ರಾತ್ರಿಯೆಲ್ಲ ಹೊಟ್ಟೆ ಕೊರೆಯುತ್ತೆ. ಲಾಡಿಯನ್ನಾದರೆ ಊಟ ಆದ ಮೇಲೆ ಸುಮ್ನೆ ಒಂಚೂರು ಸಡಿಲ ಮಾಡಿಕೊಳ್ಳಬಹುದು, ಯಾರಿಗೂ ಗೊತ್ತಾಗಲ್ಲ.

ಬಟ್ಟೆ ಹೆಚ್ಚಾಗಿ ಗರಗದ ಖಾದಿ. ನಮಗೆ ಹತ್ತಿರದ ಊರು, ರಾಷ್ಟ್ರಧ್ವಜಕ್ಕೆ ಬಟ್ಟೆ ನೇಯ್ದು ಹೆಸರಾದ ಊರು. ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಲೇಬೇಕು, ಇಲ್ಲ ಅಂದ್ರೆ ಮೊದಲ ಒಗೆತಕ್ಕೇ ಜುಬ್ಬಾ ಗಿಡ್ಡ ಆಗುತ್ತೆ. ದಪ್ಪ ಖಾದಿಗೆ 16ರ ಸೂಜಿ, ಮಾಮೂಲಿ ಹತ್ತಿ ಬಟ್ಟೆಗೆ 14, ರೇಷ್ಮೆಗೆ 11. ಖಾದಿ ನಾಲ್ಕು ಮಡಿಕೆ ಸೇರುವ ಜಾಗದಲ್ಲೂ ಮಿಷನ್ ತಡವರಿಸಿದ್ದಿಲ್ಲ. ಪಕ್ಕದ ಮನೆಯ ಪ್ಲಾಸ್ಟಿಕ್ ಮೈಯ ಹೊಸ ಮಿಷನ್ ಅದೇ ಜಾಗದಲ್ಲಿ ನಿಂತು ಗುಂಯ್ ಅನ್ನುತ್ತೆ. ಬೀಡುಕಬ್ಬಿಣದ ಮಿಷನ್‌ನ ಗಟ್ಟಿತನ ಅಂದ್ರೆ ಇದೇ. ಆದರೆ ಇದನ್ನು ಎತ್ತಿ ಇನ್ನೊಂದು ಕೋಣೆಗೆ ಇಡಬೇಕು ಅಂದ್ರೆ ಇಬ್ಬರು ಬೇಕು.

ಖಣದ ಲಂಗ ಬೇರೆಯೇ ಕಥೆ. ಗುಳೇದಗುಡ್ಡದ ಖಣದ ಪನ್ನ, ಅಂದ್ರೆ ಅಗಲ, ಕಡಿಮೆ, ಕುಪ್ಪಸಕ್ಕೆಂದೇ ನೇಯ್ದಿದ್ದು. ಲಂಗಕ್ಕೆ ಉದ್ದಕ್ಕೂ ತುಂಡು ತುಂಡು ಜೋಡಿಸಬೇಕು, ಕತ್ತರಿಸಿದ ಕಡೆ ಎಳೆ ಬಿಚ್ಚುತ್ತಲೇ ಇರುತ್ತೆ. ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಇದ್ದಿದ್ದರೆ ಚಿಂತೆ ಇರಲಿಲ್ಲ. ನೇರ ಹೊಲಿಗೆ ಒಂದೇ ಇರುವಾಗ ಫ್ರೆಂಚ್ ಸೀಮ್ ಹಾಕುವುದೇ ದಾರಿ: ಮೊದಲು ಒಳಬದಿಗೆ ಒಳಬದಿ ಸೇರಿಸಿ ಅಂಚಿನ ಹತ್ತಿರ ಒಂದು ಹೊಲಿಗೆ, ಎಳೆ ಎಲ್ಲ ಕತ್ತರಿಸಿ, ತಿರುವಿ, ಆ ಅಂಚು ಒಳಗೆ ಮುಚ್ಚಿಹೋಗುವ ಹಾಗೆ ಇನ್ನೊಂದು ಹೊಲಿಗೆ. ಕೆಲಸ ಎರಡು ಪಟ್ಟು. ಆದರೆ ಒಳಗಡೆ ತಿರುವಿ ನೋಡಿದರೂ ಒಂದು ಎಳೆ ಕಾಣಲ್ಲ, ಮಗಳಿಗೆ ಚುಚ್ಚುವುದೂ ಇಲ್ಲ. ದುಡ್ಡು ಕೊಟ್ಟು ಹೊಲಿಸಿದರೆ ಇಷ್ಟು ತಾಳ್ಮೆ ಯಾರಿಗಿರುತ್ತೆ ಅಲ್ವಾ?

ಇನ್ನೊಂದು ಮಾತು, ಇದು ಸಂಗೀತಕ್ಕೆ ಹೋಗುವವರಿಗೆ. ಲಂಗಕ್ಕೆ ಗರಿಗರಿ ಲೈನಿಂಗ್ ಹಾಕಬೇಡಿ. ವಿಲಂಬಿತದಲ್ಲಿ, ಅಂದ್ರೆ ನಿಧಾನ ಲಯದಲ್ಲಿ, ಕಲಾವಿದರು ಒಂದು ಸ್ವರದ ಮೇಲೆ ನಿಂತಾಗ ಪಕ್ಕದಲ್ಲಿ ಯಾರೋ ಕಾಲು ಬದಲಿಸಿದರೆ ಸರಸರ ಅಂತ ಕೇಳುತ್ತೆ, ಸುತ್ತಲಿನ ನಾಲ್ಕು ತಲೆ ತಿರುಗುತ್ತೆ. ಮೆತ್ತಗಿನ ಹತ್ತಿ ಲೈನಿಂಗ್ ಹಾಕಿ. ಸೃಜನಾ ರಂಗಮಂದಿರದಂಥ ಕಡೆ ಕುರ್ಚಿಯಲ್ಲಿ ಕೂತಾಗ ಇದು ಅಷ್ಟಾಗಿ ಗೊತ್ತಾಗಲ್ಲ, ವಾಡೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಾಗ ಚೆನ್ನಾಗಿ ಗೊತ್ತಾಗುತ್ತೆ.

ಈಗ ಮೋಟರ್. ವೇಗ ಬೇಕಾದಾಗ ಒಳ್ಳೆಯದೇ, ಪರದೆ ಹೊದಿಕೆ ಅಂಥ ಉದ್ದುದ್ದ ಹೊಲಿಗೆ ಬೇಗ ಮುಗಿಯುತ್ತೆ. ತೊಂದರೆ ಎರಡು. ಪೆಡಲ್ ಮೇಲೆ ಕಾಲಿಟ್ಟ ತಕ್ಷಣ ಒಮ್ಮೆಲೇ ಜಿಗಿಯುತ್ತೆ, ಕೊರಳಪಟ್ಟಿಯ ತಿರುವಿನಲ್ಲಿ ಇದು ಸಹಿಸೋಕಾಗಲ್ಲ. ಎರಡನೆಯದು ರೇಡಿಯೋ. ಈ ಮೋಟರ್ ಒಳಗೆ ಕಾರ್ಬನ್ ಬ್ರಷ್ ಉಜ್ಜುವಾಗ ಸಣ್ಣ ಕಿಡಿ ಏಳುತ್ತೆ, ಮೀಡಿಯಂ ವೇವ್ ರೇಡಿಯೋ ಹತ್ತಿರ ಇದ್ದರೆ ಗರಗರ ಶುರು. ನಮ್ಮ ಅತ್ತೆ ಧಾರವಾಡ ಆಕಾಶವಾಣಿಯನ್ನು ಈಗಲೂ 765 ಕಿಲೋಹರ್ಟ್ಸ್‌ನಲ್ಲೇ ಕೇಳುವವರು, ಮೊಬೈಲ್‌ನಲ್ಲೂ ಬರುತ್ತೆ ಅಂದ್ರೆ "ಅದು ನನಗ ಬ್ಯಾಡವಾ" ಅಂತಾರೆ. ಶಾಸ್ತ್ರೀಯ ಸಂಗೀತ ಶುರುವಾದರೆ ಮೋಟರ್ ಬಂದ್. ಬೆಲ್ಟ್ ಕಳಚಿ, ಹಳೆಯ ಚರ್ಮದ ಪಟ್ಟಾ ಹಾಕಿ, ಕಾಲಲ್ಲಿ ತುಳಿಯುತ್ತೇನೆ. ಹೀಗೆ ರೇಡಿಯೋ ಕೇಳುತ್ತಾ ತುಳಿದು ಹೊಲಿದ ಬಟ್ಟೆಗಳೇ ಚೆನ್ನಾಗಿ ಬಂದಿವೆ, ವೇಗ ನಮ್ಮ ಕಾಲಲ್ಲೇ ಇರುತ್ತಲ್ಲ. ಅದಕ್ಕೇ ಮೋಟರ್ ಹಾಕಿಸುವವರು ಕೆಳಗಿನ ತುಳಿಯುವ ಸ್ಟ್ಯಾಂಡನ್ನು ಗುಜರಿಗೆ ಕೊಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಸರ್ವಿಸ್ ಬಗ್ಗೆ ಬೇಸರ ಇದೆ. ಒಮ್ಮೆ ಮೋಟರ್ ನಿಂತುಹೋಯಿತು. ದೊಡ್ಡ ಬೋರ್ಡಿನ ಒಂದು ಅಂಗಡಿಗೆ ಒಯ್ದರೆ ಅಲ್ಲಿಯವರು ಬಿಚ್ಚಿ ಕೂಡ ನೋಡದೆ "ಸುಟ್ಟಿದೆ, ಹೊಸದು ಹಾಕಬೇಕು" ಅಂದುಬಿಟ್ಟರು. ವಾಪಸ್ ತಂದು, ಮಿಷನ್ ರಿಪೇರಿ ಮಾಡುವ ಒಬ್ಬ ಅಜ್ಜನಿಗೆ ತೋರಿಸಿದೆ. ಅವರು ಪಕ್ಕದ ಸಣ್ಣ ಮುಚ್ಚಳ ತಿರುಗಿಸಿ, ಒಳಗಿಂದ ಮೊಂಡಾದ ಕರಿ ತುಂಡು ತೆಗೆದು ಅಂಗೈ ಮೇಲೆ ಇಟ್ಟರು. "ಮೋಟರ್ ಏನೂ ಆಗಿಲ್ಲರಿ ಅಕ್ಕಾರ, ಕಾರ್ಬನ್ ಸವದೈತಿ ಅಷ್ಟ." ಚಿಲ್ಲರೆ ದುಡ್ಡಿನಲ್ಲಿ ಮುಗಿಯಿತು. ನಿಮ್ಮ ಮೋಟರ್ ನಿಂತರೂ ಮೊದಲು ಕಾರ್ಬನ್ ನೋಡಿಸಿ.

ಹೊಸಬರಿಗೆ ಕಾಡುವ ಇನ್ನೊಂದು ಸಂಗತಿ, ಬಟ್ಟೆಯ ಕೆಳಗೆ ದಾರ ಗಂಟು ಗಂಟಾಗಿ ಗೂಡು ಕಟ್ಟುವುದು. ಎಲ್ಲರೂ ಬಾಬಿನ್ ಮೇಲೆ ಅನುಮಾನ ಪಡುತ್ತಾರೆ. ಸಾಮಾನ್ಯವಾಗಿ ತೊಂದರೆ ಇರುವುದು ಮೇಲಿನ ದಾರದಲ್ಲಿ, ಅದು ದಾರವನ್ನು ಬಿಗಿ ಹಿಡಿಯುವ ಟೆನ್ಷನ್‌ನ ಎರಡು ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಪಾದ ಎತ್ತಿಟ್ಟುಕೊಂಡು ದಾರ ಪೋಣಿಸಿ, ಆಗ ಬಿಲ್ಲೆಗಳು ಸಡಿಲವಾಗಿರುತ್ತವೆ, ದಾರ ಸರಿಯಾಗಿ ಒಳಗೆ ಇಳಿಯುತ್ತೆ. ಮಿಷನ್ ಎಣ್ಣೆಯನ್ನೇ ಹಾಕಿ, ಕೊಬ್ಬರಿ ಎಣ್ಣೆ ಹಾಕಿದರೆ ಅಂಟಾಗಿ ಹಿಡಿದುಕೊಳ್ಳುತ್ತೆ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಕೆಳಗೆ ಸೇರುವ ಖಾದಿ ಧೂಳನ್ನು ಹಳೆಯ ಬ್ರಷ್‌ನಿಂದ ಆಗಾಗ ತೆಗೆಯಿರಿ.

ಯಾರಿಗೆ ಬೇಡ? ಹಿಗ್ಗುವ ಬಟ್ಟೆ ಹೊಲಿಯುವವರಿಗೆ ಬೇಡ. ಟೀ ಶರ್ಟ್, ಲೆಗ್ಗಿಂಗ್ಸ್‌ಗೆ ನೇರ ಹೊಲಿಗೆ ಹಾಕಿದರೆ ಎಳೆದ ಕೂಡಲೇ ದಾರ ಪಟಪಟ ಅಂತ ಹರಿಯುತ್ತೆ, ಅದಕ್ಕೆ ಜಿಗ್‌ಜ್ಯಾಗ್ ಬೇಕೇ ಬೇಕು. ಫ್ಲಾಟ್‌ನಲ್ಲಿ ಇರುವವರೂ ಯೋಚನೆ ಮಾಡಿ, ರಾತ್ರಿ ಹೊತ್ತು ಹೊಲಿದರೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರೆ. ಕಾಜಾ ನಾನು ಕೈಯಲ್ಲೇ ಹಾಕುತ್ತೇನೆ, ಬೇಸರ ಬಂದಾಗ ಟೇಲರ್ ಅಂಗಡಿಗೆ ಕೊಡುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್ ಕೊಡಬಹುದು. ಆ ಒಂದನ್ನು ಕಳೆದಿದ್ದು ಪೆಡಲ್‌ಗೆ.