ಈರುಳ್ಳಿ: ಬೀಜವೋ, ಪುಟ್ಟ ಗಡ್ಡೆಯೋ, ಸಸಿಯೋ?

ವಸಂತದ ಆರಂಭದಲ್ಲಿ ಈರುಳ್ಳಿ ಹಾಕುವವರು ಮೊದಲು ಕ್ಯಾಲೆಂಡರ್ ನೋಡಬೇಕು. ಕೊನೆಯ ಹಿಮ ಬೀಳುವ ಕಾಲಕ್ಕೆ ಇನ್ನೂ 8–10 ವಾರಗಳಿದ್ದರೆ ಬೀಜವನ್ನು ಮನೆಯೊಳಗೆ ಟ್ರೇಯಲ್ಲಿ ಬಿತ್ತಬಹುದು. ಮೊಳಕೆ ಮಡಚಿದ ಹಸಿರು ಸೂಜಿಯಂತೆ ತಲೆ ಬಾಗಿಸಿಕೊಂಡೇ ಮೇಲೆ ಬರುತ್ತದೆ. ಅದನ್ನು ನೋಡುವುದೇ ಒಂದು ಸಂತೋಷ. ಖರ್ಚು ಕಡಿಮೆ, ತಳಿಗಳ ಆಯ್ಕೆ ಹೆಚ್ಚು. ಆದರೆ ಹಳೆಯ ಬೀಜವನ್ನು ನಂಬಬೇಡಿ, ಒಂದೆರಡು ವರ್ಷಗಳಲ್ಲೇ ಅದರ ಕಸುವು ಕುಂದುತ್ತದೆ.

ಸಮಯ ಮೀರಿದೆಯೇ? ನೆಡಲೆಂದೇ ಒಣಗಿಸಿದ ಪುಟ್ಟ ಗಡ್ಡೆ ಬಲು ಸುಲಭ. ಹಿಡಿ ಮಣ್ಣು ಅಂಟಿಕೊಳ್ಳದೆ ಪುಡಿಯಾಗುವ ಹದಕ್ಕೆ ಬಂದೊಡನೆ, ತುದಿ ಮೇಲಾಗಿ ಊರಿದರಾಯಿತು. ಒಂದು ಎಚ್ಚರಿಕೆ: 2 ಸೆಂ.ಮೀ.ಗಿಂತ ದಪ್ಪನೆಯವು ಬೇಗ ಹೂದಂಟು ಬಿಡುತ್ತವೆ, ಅಂಥ ಈರುಳ್ಳಿ ದಾಸ್ತಾನಿಗೆ ನಿಲ್ಲದು. ದಪ್ಪನೆಯವನ್ನು ಬೇರೆಯಾಗಿ ನೆಟ್ಟು ಎಳೆಯ ಸೊಪ್ಪಿಗೆ ಬಳಸಿ.

ಸಸಿ ಸಾಮಾನ್ಯವಾಗಿ ದುಬಾರಿ, ತಂದೊಡನೆ ನೆಡಬೇಕು. ಆದರೂ ದೊಡ್ಡ ಗಡ್ಡೆ ಬೇಕು, ಬೀಜ ಬಿತ್ತಿ ಕಾಯುವ ವ್ಯವಧಾನವಿಲ್ಲ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಪೆನ್ಸಿಲ್‌ಗಿಂತ ದಪ್ಪವಿರದ ಸಸಿಯನ್ನು ಆರಿಸಿ, 10 ಸೆಂ.ಮೀ. ಅಂತರ ಕೊಡಿ.

ಬೀಜವಾಗಲಿ, ಸಸಿಯಾಗಲಿ, ನಿಮ್ಮಲ್ಲಿನ ಹಗಲಿನ ಉದ್ದಕ್ಕೆ ಹೊಂದುವ ತಳಿಯನ್ನೇ ಕೇಳಿ ಪಡೆಯಿರಿ. ಇಲ್ಲವಾದರೆ ಎಲೆ ಸೊಂಪಾಗಿದ್ದರೂ ಗಡ್ಡೆ ಕಟ್ಟದೆ ಹೋಗಬಹುದು.