ಕಂಪನಿ ಆಫ್ ಹೀರೋಸ್ 2: ಸೋವಿಯತ್ ಪಡೆಯನ್ನು ವರ್ಷಗಟ್ಟಲೆ ಆಡಿದ ಮೇಲೆ

ಎರಡನೇ ಮಹಾಯುದ್ಧದ ಸೈನ್ಯಗಳನ್ನು ನಡೆಸುವ ಈ ಕಂಪ್ಯೂಟರ್ ಗೇಮ್ ಬಂದದ್ದು 2013ರ ಜೂನ್‌ನಲ್ಲಿ. ಮೂರನೇ ಭಾಗ ಬಂದೂ ವರ್ಷಗಳಾದವು, ಆದರೆ ಅದು ಇಟಲಿ, ಉತ್ತರ ಆಫ್ರಿಕಾ ಕಡೆ ಹೊರಟುಹೋಯಿತು. ಹಿಮದಲ್ಲಿ ಕಾಲೆಳೆಯುತ್ತಾ ನಡೆಯುವ ಕನ್‌ಸ್ಕ್ರಿಪ್ಟ್‌ಗಳು, ಅಂದರೆ ಸೋವಿಯತ್‌ನ ಸಾಮಾನ್ಯ ಕಾಲಾಳುಗಳು, ಬೇಕೆಂದರೆ ಎರಡನೆಯದಕ್ಕೇ ಬರಬೇಕು. ನಾನಂತೂ ಇಲ್ಲೇ ಉಳಿದಿದ್ದೇನೆ, ಅದೂ ಹೆಚ್ಚಿನ ಮ್ಯಾಚ್‌ಗಳಲ್ಲಿ ಸೋವಿಯತ್ ಆಗಿಯೇ.

ಹೊಸಬರು ಈ ಪಡೆಯನ್ನು ಆರಿಸಿಕೊಳ್ಳುವುದು ಒಂದೇ ಭರವಸೆಯಿಂದ: ಅಗ್ಗದ ಸೈನಿಕರು, ಗುಂಪು ಗುಂಪಾಗಿ ನುಗ್ಗಿಸಿದರೆ ಆಯಿತು. ಲೆಕ್ಕ ಬೇರೆಯೇ ಇದೆ. ಒಂದು ಕನ್‌ಸ್ಕ್ರಿಪ್ಟ್ ಸ್ಕ್ವಾಡ್‌ಗೆ (ತುಕಡಿಗೆ) 240 ಮ್ಯಾನ್‌ಪವರ್, ಅಂದರೆ ಸೈನಿಕರನ್ನು ಕೊಳ್ಳಲು ಆಟ ಕೊಡುವ ಸಂಪನ್ಮೂಲ. ಎದುರಿಗಿರುವ ಜರ್ಮನ್ ಗ್ರೆನೆಡಿಯರ್ ಸ್ಕ್ವಾಡ್‌ಗೂ ಅಷ್ಟೇ, 240! ವ್ಯತ್ಯಾಸ ತಲೆಗಳಲ್ಲಿ. ನಮಗೆ 6 ಜನ, ಅವರಿಗೆ 4. ಸತ್ತ ಒಬ್ಬನ ಜಾಗ ತುಂಬಲು ನಮಗೆ 20, ಅವರಿಗೆ 30. ಅಂದರೆ ಈ ಸೈನ್ಯ ಅಗ್ಗವಾಗಿರುವುದು ಕೊಳ್ಳುವಾಗ ಅಲ್ಲ, ರೀಇನ್‌ಫೋರ್ಸ್ ಮಾಡುವಾಗ. ಒಬ್ಬನೇ ಉಳಿದಿದ್ದರೂ ಸರಿ, ರಿಟ್ರೀಟ್ ಒತ್ತಿ ಬೇಸ್‌ಗೆ ತಂದರೆ 100 ಮ್ಯಾನ್‌ಪವರ್‌ನಲ್ಲಿ ಸ್ಕ್ವಾಡ್ ಮತ್ತೆ ಪೂರ್ತಿ. ಆ ಒಬ್ಬನೂ ಸತ್ತರೆ 240, ಜೊತೆಗೆ ಹೋರಾಡಿ ಗಳಿಸಿದ ವೆಟರನ್ಸಿ (ಅನುಭವ) ಸ್ಟಾರ್‌ಗಳೂ ಮಣ್ಣುಪಾಲು. ‘ಹೇಗೂ ಅಗ್ಗ ತಾನೇ’ ಎಂದು ಸಾಯಲು ಬಿಡುವವರು ಹತ್ತು ನಿಮಿಷ ಕಳೆಯುವಷ್ಟರಲ್ಲಿ ಜರ್ಮನ್ ಆಟಗಾರನಿಗಿಂತ ಹೆಚ್ಚು ಖರ್ಚು ಮಾಡಿರುತ್ತಾರೆ, ಕೈಯಲ್ಲಿ ಏನೂ ಇರುವುದಿಲ್ಲ.

ಇಷ್ಟು ಕಾಲ ನನ್ನನ್ನು ಹಿಡಿದಿಟ್ಟಿರುವುದು ಮರ್ಜ್ ಎಂಬ ಒಂದು ಬಟನ್. ಕಲ್ಲಿನ ಗೋಡೆಯ ಹಿಂದೆ ಮ್ಯಾಕ್ಸಿಮ್ ಮಷಿನ್‌ಗನ್ ಕೂತಿದೆ ಎಂದುಕೊಳ್ಳಿ. ಗ್ರೆನೆಡಿಯರ್‌ಗಳ ರೈಫಲ್ ಗ್ರೆನೇಡ್ ಬಂದು ಬಿತ್ತು, ಗನ್ ಹತ್ತಿರ ಉಳಿದವರು ಇಬ್ಬರು. ಬೇರೆ ಪಡೆಯಾದರೆ ಈಗ ಸಾಮಾನ್ಯವಾಗಿ ಎರಡೇ ದಾರಿ: ಗನ್ ಎತ್ತಿಕೊಂಡು ಬೇಸ್‌ಗೆ ಓಡು, ಇಲ್ಲವೇ ಅಲ್ಲೇ ಸಾಯಿ. ಸತ್ತರೆ ಬಿದ್ದ ಗನ್ನನ್ನು ಶತ್ರುವೇ ಎತ್ತಿಕೊಂಡು ನಮ್ಮ ಮೇಲೆ ತಿರುಗಿಸುತ್ತಾನೆ. ಸೋವಿಯತ್ ಆಟಗಾರ ಹಿಂದೆ ನಿಂತ ಕನ್‌ಸ್ಕ್ರಿಪ್ಟ್‌ಗಳನ್ನು ಆರಿಸಿ ಮರ್ಜ್ ಒತ್ತುತ್ತಾನೆ. ಅವರಲ್ಲಿ ಬೇಕಾದಷ್ಟು ಜನ ಓಡಿಬಂದು ಗನ್ ತಂಡಕ್ಕೆ ಸೇರಿಕೊಳ್ಳುತ್ತಾರೆ, ಗನ್ ಜಾಗ ಬಿಟ್ಟು ಕದಲುವುದಿಲ್ಲ. ಮಿಕ್ಕವರು ಬೇಸ್‌ಗೆ ಹೋಗಿ ತಲೆಗೆ 20ರಂತೆ ತುಂಬಿಕೊಂಡು ಬರುತ್ತಾರೆ. ಶಾಕ್ ಟ್ರೂಪ್ಸ್‌ನಂಥ ದುಬಾರಿ ಸ್ಕ್ವಾಡ್ ಅರ್ಧ ಖಾಲಿಯಾದಾಗಲೂ ಇದೇ ಉಪಾಯ. ಕನ್‌ಸ್ಕ್ರಿಪ್ಟ್‌ಗಳನ್ನು ಹೊಡೆದಾಡುವ ಪಡೆ ಎನ್ನುವುದಕ್ಕಿಂತ ಮುಂಚೂಣಿಗೆ ನಡೆದುಬರುವ ಗೋದಾಮು ಎಂದು ನೋಡಿದ ದಿನ ಈ ಫ್ಯಾಕ್ಷನ್ ಅರ್ಥವಾಗುತ್ತದೆ. ಮರಳಿನ ಚೀಲ ಜೋಡಿಸಿ ಕವರ್ ಕಟ್ಟುವುದೂ ಇವರೇ.

ಗುಂಡಿನ ಕಾಳಗದಲ್ಲಿ ಮಾತ್ರ ಕಾಸಿಗೆ ತಕ್ಕ ಕಜ್ಜಾಯ. ದೂರದಿಂದ ಗ್ರೆನೆಡಿಯರ್‌ಗಳ ಜೊತೆ ಗುಂಡು ಬದಲಾಯಿಸುತ್ತಾ ನಿಂತರೆ ಮೋಸಿನ್ ರೈಫಲ್ ಏನೂ ಕಡಿದು ಹಾಕುವುದಿಲ್ಲ. ಅವರ ಕೈಗೆ ಎಲ್‌ಎಮ್‌ಜಿ 42 ಎಂಬ ಹಗುರ ಮಷಿನ್‌ಗನ್ ಬಂದಮೇಲಂತೂ ಕೇಳಲೇಬೇಡಿ. ವೇಗವಾಗಿ ಓಡಿಸುವ ‘ಉರ್ರಾ’ ಒತ್ತಿ ಬಯಲು ದಾಟಿ, ಕವರ್ ಹಿಡಿದು, ಹತ್ತಿರದಿಂದ ಹೊಡೆಯಬೇಕು. ಮೊಲೊಟೊವ್ ಎಂಬ ಬೆಂಕಿ ಬಾಟಲಿ ಇದೆಯಲ್ಲ ಎನ್ನಬಹುದು. ಅದನ್ನು ಎಸೆಯಲು ಈ ಪುಣ್ಯಾತ್ಮರು ಕೈ ಎತ್ತುವಷ್ಟರಲ್ಲಿ ಎಚ್ಚರ ಇರುವ ಎದುರಾಳಿ ಪಕ್ಕಕ್ಕೆ ಸರಿದಿರುತ್ತಾನೆ. ಕಟ್ಟಡದೊಳಗೆ ಕೂತ ಮಷಿನ್‌ಗನ್ನನ್ನು ಹೊರಗೆಬ್ಬಿಸಲು ಅದು ಬೆಂಕಿಯಂಥ ಆಯುಧ, ಬಯಲಿನಲ್ಲಿ ಬರೀ ಮ್ಯೂನಿಷನ್ (ಮದ್ದುಗುಂಡಿನ ಸಂಪನ್ಮೂಲ) ದಂಡ.

ಟ್ಯಾಂಕ್‌ಗಳಲ್ಲೂ ಇದೇ ಬುದ್ಧಿ. ಸೋವಿಯತ್‌ನ ಟಿ-34/76 ನೇರಾನೇರ ನಿಂತು ಜರ್ಮನ್ನರ ಪ್ಯಾಂಥರ್ ಎದುರು ಗೆಲ್ಲುವುದಿಲ್ಲ. ಆದರೆ ಅದಕ್ಕೆ ರ‍್ಯಾಮ್ ಎಂಬ ಸಾಮರ್ಥ್ಯವಿದೆ: ಹೋಗಿ ಡಿಕ್ಕಿ ಹೊಡೆದು ದೊಡ್ಡ ಟ್ಯಾಂಕಿನ ಓಟ ನಿಲ್ಲಿಸುವುದು. ಡಿಕ್ಕಿಯಲ್ಲಿ ತಾನೂ ಜಖಂ. ಹಿಂದೆ ಝಿಸ್-3 ಫಿರಂಗಿ ಸಿದ್ಧ ಇಟ್ಟುಕೊಂಡಿದ್ದರೆ ಲಾಭ, ಇಲ್ಲದಿದ್ದರೆ ಟ್ಯಾಂಕ್ ದಾನ ಮಾಡಿದಂತೆ.

ಒಬ್ಬರೇ ಆಡುವ ಕಥೆಯ ಭಾಗವಾದ ಕ್ಯಾಂಪೇನ್ ಬಗ್ಗೆ ನನ್ನ ಅಸಮಾಧಾನ ಇಲ್ಲಿಂದಲೇ ಶುರು. ಮಲ್ಟಿಪ್ಲೇಯರ್ ಸೈನಿಕರನ್ನು ಉಳಿಸಿಕೊಂಡರೆ ಬಹುಮಾನ ಕೊಡುತ್ತದೆ. ಕ್ಯಾಂಪೇನ್ ಅವರನ್ನು ಲೆಕ್ಕವಿಲ್ಲದೆ ಸುರಿಯಲು ಕಲಿಸುತ್ತದೆ. 1942ರ ಜುಲೈ 28ರಂದು ಸ್ಟಾಲಿನ್ ಹೊರಡಿಸಿದ 227ನೇ ಆದೇಶ, ‘ಒಂದು ಹೆಜ್ಜೆಯೂ ಹಿಂದಿಡಬಾರದು’ ಎಂಬುದು, ಇಲ್ಲಿ ಆಟದ ನಿಯಮವಾಗಿ ಬರುತ್ತದೆ. ಅದು ಜಾರಿಯಲ್ಲಿರುವಾಗ ರಿಟ್ರೀಟ್ ಮಾಡಿದವರನ್ನು ತಮ್ಮವರೇ ಗುಂಡಿಟ್ಟು ಕೊಲ್ಲುತ್ತಾರೆ. ಆದೇಶ ನಿಜ, ಹಿಂದೆ ನಿಂತು ತಡೆಯುವ ತುಕಡಿಗಳೂ ನಿಜ. ಆದರೆ ಇಡೀ ಸೈನ್ಯ ನಡೆದದ್ದೇ ಹೀಗೆ ಎಂಬಂತೆ ಕಥೆ ಹೇಳಿದ್ದು ರಷ್ಯಾದಲ್ಲಿ ದೊಡ್ಡ ಗಲಾಟೆಯಾಗಿ, ಅಲ್ಲಿನ ವಿತರಕರು 2013ರಲ್ಲೇ ಮಾರಾಟ ನಿಲ್ಲಿಸಿದರು. ಅವರ ಸಿಟ್ಟು ಎಷ್ಟು ಸರಿ ಎಂಬ ವಾದ ಬೇರೆ. ಆಟಗಾರನಾಗಿ ನನ್ನ ತಕರಾರು ಸಣ್ಣದು: ಅಲ್ಲಿ ಕಲಿತ ಚಾಳಿಯನ್ನು ಆನ್‌ಲೈನ್ ಮ್ಯಾಚ್‌ಗೆ ತಂದರೆ ಸೋಲು ಖಚಿತ. ಹೊಸಬರು ಕ್ಯಾಂಪೇನ್ ಬದಿಗಿಟ್ಟು ಕಂಪ್ಯೂಟರ್ (ಎಐ) ವಿರುದ್ಧ ಸ್ಕರ್ಮಿಶ್ ಎಂಬ ಬಿಡಿ ಮ್ಯಾಚ್‌ಗಳನ್ನು ಆಡಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಮೌಸ್ ಬಿಟ್ಟು ಟೀ ಕುಡಿಯುತ್ತಾ ಆಡುವವರಿಗೆ ಈ ಪಡೆ ಒಗ್ಗುವುದಿಲ್ಲ. ಯಾವ ಸ್ಕ್ವಾಡ್‌ನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ಕ್ಷಣಕ್ಷಣವೂ ನೋಡುತ್ತಿರಬೇಕು, ಬೆರಳು ಸದಾ ರಿಟ್ರೀಟ್‌ನ ಟಿ ಕೀ ಮೇಲಿರಬೇಕು. ದೊಡ್ಡ ಟ್ಯಾಂಕ್ ಕಟ್ಟಿ ಮುಂದೆ ಬಿಟ್ಟು ಮಜಾ ನೋಡಬೇಕು ಎನ್ನುವವರಿಗೆ ಜರ್ಮನ್ ಪಡೆಗಳೇ ವಾಸಿ.